ಯುಗಾದಿವರೆಗೆ ಕಾಯೋದು ಬೇಡ

ಡ್ರೆಸ್ಡೆನ್, ಜರ್ಮನಿ, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ಸುಮಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಗಿರೀಶ ಫೋಟೊ ತೆಗೆದು ಕಳಿಸಿದ ನಿನ್ನ ಕಾಗದ ಗುರುವಾರ ಓದಿದೆ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಬರೆದೆ ಎಂದಿದ್ದೀಯ. ಒಳ್ಳೇದೇ ಮಾಡಿದೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ ಅಂತ ಅಪ್ಪ ನನಗೆ ಒಂದು ಮಾತೂ ಹೇಳಿಲ್ಲ. ಡಾಕ್ಟರು ಆಂಜಿಯೋಗ್ರಾಮ್ ಮಾಡಿಸಿ ಅಂದ ಮೇಲೂ ಯುಗಾದಿ ಕಳೀಲಿ ಅಂದರೆ ಏನರ್ಥ?

ರೂಮಿನಲ್ಲಿ ಇದನ್ನೇ ಯೋಚಿಸುತ್ತಾ ಕೂರೋಕೆ ಆಗಲಿಲ್ಲ. ಇವತ್ತು ಪಿಲ್ನಿಟ್ಸ್ ಅರಮನೆಗೆ ಹೋಗಿ ಬಂದೆ. ಭಾನುವಾರ ಇಲ್ಲಿ ಅಂಗಡಿಗಳ ಬಾಗಿಲೇ ತೆಗೆಯಲ್ಲ, ಜನವೆಲ್ಲ ತೋಟ, ನದಿ ಅಂತ ಹೊರಡುತ್ತಾರೆ. ಎಲ್ಬೆ ನದಿಯ ದಡದಲ್ಲಿದೆ, ಈ ಸ್ಯಾಕ್ಸನಿ ಸೀಮೆಯ ರಾಜರ ಬೇಸಿಗೆ ಅರಮನೆ. 1720ರ ದಶಕದಲ್ಲಿ ಇಲ್ಲಿನ ದೊರೆ ಅಗಸ್ಟಸ್ ಕಟ್ಟಿಸಿದ್ದು. ರಾಜರು ಡ್ರೆಸ್ಡೆನ್‌ನಿಂದ ದೋಣಿಯಲ್ಲೇ ಬರುತ್ತಿದ್ದರಂತೆ, ಮೆಟ್ಟಿಲು ನೇರ ನೀರಿಗೆ ಇಳಿಯುತ್ತೆ. ಚಾವಣಿ ಚೀನೀಯರ ಥರ ಬಾಗಿದೆ, ಸೂರಿನ ಕೆಳಗೆ ಚೀನೀ ಚಿತ್ರಗಳು. ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಗೋಡೆಯಲ್ಲಿ ಗುರುತು ಮಾಡಿದ್ದಾರೆ, 2002ರದ್ದೂ ಇದೆ.

ನಾನು ಹೋಗಿದ್ದು ಮಾತ್ರ ಕ್ಯಾಮೆಲಿಯಾ ಅನ್ನೋ ಹೂಗಿಡ ನೋಡೋಕೆ. ಒಂದೇ ಗಿಡ, 1801ರಿಂದ ಅದೇ ಜಾಗದಲ್ಲಿದೆ. ಈಗ ಸುಮಾರು ಒಂಬತ್ತು ಮೀಟರ್ ಎತ್ತರ. ಮೈತುಂಬಾ ಕೆಂಪು ಹೂ, ನಡುವೆ ಹಳದಿ ಕೇಸರ, ವಾಸನೆ ಇಲ್ಲ. ಎಸಳು ಉದುರಲ್ಲ, ಇಡೀ ಹೂವೇ ಕಳಚಿ ಬೀಳುತ್ತೆ. ಚಳಿಗೆಂದು ಅದಕ್ಕೊಂದು ಗಾಜಿನ ಮನೆ ಕಟ್ಟಿದ್ದಾರೆ. 54 ಟನ್ ತೂಕ, ಹಳಿಯ ಮೇಲೆ ಓಡುತ್ತೆ! ಬೇಸಿಗೆಗೆ ಪಕ್ಕಕ್ಕೆ ಸರಿಸಿ, ಚಳಿಗಾಲಕ್ಕೆ ಮತ್ತೆ ತಂದು ಮುಚ್ಚುತ್ತಾರೆ. 1905ರ ಜನವರಿಯಲ್ಲಿ ಆಗಿನ ಮರದ ಮನೆಗೆ ಬೆಂಕಿ ಬಿದ್ದಿತ್ತಂತೆ. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ. ಬೆಂಕಿ ಆರಿಸಲು ಸುರಿದ ನೀರು ಗಿಡದ ಮೇಲೇ ಹೆಪ್ಪುಗಟ್ಟಿ, ಆ ಮಂಜೇ ಅದನ್ನು ಕಾಪಾಡಿತು. ಮತ್ತೆ ಚಿಗುರಿತು.

ಮೇಲಿನಿಂದಲೂ ನೋಡಲು ಒಳಗೆ ಮೆಟ್ಟಿಲಿದೆ. ವಯಸ್ಸಾದವರೊಬ್ಬರು ಅರ್ಧಕ್ಕೆ ನಿಂತು ಕಂಬಿ ಹಿಡಿದು ಉಸಿರು ತಗೊಳ್ಳುತ್ತಿದ್ದರು. ನನಗೆ ಅಪ್ಪನೇ ನಿಂತ ಹಾಗೆ ಕಂಡಿತು. ಆಮೇಲೆ ಹೂವಿನ ಕಡೆ ಗಮನವೇ ಹೋಗಲಿಲ್ಲ.

ಇಲ್ಲಿಂದ ಅಪ್ಪನಿಗೆ ಓದಿ ಹೇಳು. ಅಪ್ಪಾ, ನಿಮ್ಮ ಲಾಲ್‌ಬಾಗನ್ನು ನೋಡಿಕೊಂಡ ತೋಟಗಾರ ಕ್ರುಂಬಿಗಲ್ ಹುಟ್ಟಿದ್ದು ಇಲ್ಲೇ ಹತ್ತಿರದ ಲೋಮೆನ್‌ನಲ್ಲಿ, ತೋಟದ ಕೆಲಸ ಕಲಿತದ್ದು ಇದೇ ಪಿಲ್ನಿಟ್ಸ್‌ನಲ್ಲಿ! ಇಲ್ಲಿಂದ ಲಂಡನ್ನಿನ ಕ್ಯೂ ಸಸ್ಯೋದ್ಯಾನ, ಬರೋಡಾ, ಆಮೇಲೆ ನಮ್ಮ ಬೆಂಗಳೂರು. ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ರಸ್ತೆರಸ್ತೆಗೆ ಮರ ಆರಿಸಿ ನೆಡಿಸಿದವರು. 1956ರಲ್ಲಿ ತೀರಿಕೊಂಡಿದ್ದೂ ಬೆಂಗಳೂರಲ್ಲೇ. ಇವರು ನಮ್ಮವರು ಅಂತ ಅಲ್ಲಿದ್ದವರಿಗೆಲ್ಲ ಹೇಳಬೇಕು ಅನ್ನಿಸಿತು. ನಿಮ್ಮನ್ನು ಇಲ್ಲಿಗೆ ಕರ್ಕೊಂಡು ಬರಲೇಬೇಕು. ಅದಕ್ಕೆ ನೀವು ಆ ಮೆಟ್ಟಿಲು ಹತ್ತುವ ಹಾಗಿರಬೇಕು ಅಲ್ವಾ?

ನನ್ನ ಮದುವೆಯ ಎಫ್‌ಡಿ ಮುರಿಯಬೇಕಾಗುತ್ತೆ ಅಂತ ಮುಂದೂಡುತ್ತಿದ್ದೀರಂತೆ. ಮುರಿಯೋದೇ ಬೇಡ. ಗಿರೀಶನ ಅಕೌಂಟಿಗೆ ದುಡ್ಡು ಹಾಕಿದ್ದೇನೆ, ಸಾಲದಿದ್ದರೆ ಇನ್ನೂ ಕಳಿಸ್ತೀನಿ. ಮದುವೆ ಯಾವಾಗ ಬೇಕಾದರೂ ಮಾಡಬಹುದು. ಹಬ್ಬ ಪ್ರತಿ ವರ್ಷ ಬರುತ್ತೆ. ಈ ವಾರವೇ ಹೋಗಿ, ಅಪ್ಪಾ.

ಅಮ್ಮಾ, ನನ್ನ ಚಿಂತೆ ಬಿಡು. ರೂಮು ಬೆಚ್ಚಗಿದೆ, ದಿನಾ ಅನ್ನ ಸಾರು ಮಾಡ್ಕೋತೀನಿ, ಸ್ವೆಟರ್ ಇಲ್ಲದೆ ಹೊರಗೆ ಕಾಲಿಡಲ್ಲ. ನಿಜವಾಗಿಯೂ ಆರಾಮಾಗಿದ್ದೀನಿ, ಕೆಮ್ಮೂ ಹೋಗಿದೆ. ಬೇಕಾದರೆ ರಜೆ ಹಾಕಿ ಬಂದುಬಿಡ್ತೀನಿ, ಆಫೀಸಿನಲ್ಲಿ ಕೇಳಿಟ್ಟಿದ್ದೇನೆ.

ಅಪ್ಪ ಒಪ್ಪದಿದ್ದರೆ ಶಾರದತ್ತೆಯನ್ನು ಕರೆಸು, ಅವರ ಮಾತು ತೆಗೆದುಹಾಕಲ್ಲ. ಬೆಳಗ್ಗೆ ಬೇಗ ಶಿಫ್ಟ್ ಇದೆ, ಇಷ್ಟಕ್ಕೇ ನಿಲ್ಲಿಸ್ತೀನಿ. ಅಜ್ಜಿಗೆ ನಮಸ್ಕಾರ ತಿಳಿಸು. ಯಾವ ದಿನ ಅಂತ ಗೊತ್ತಾದ ತಕ್ಷಣ ಗಿರೀಶನ ಕೈಲಿ ಮೆಸೇಜ್ ಹಾಕಿಸು, ಮಧ್ಯರಾತ್ರಿಯಾದರೂ ಪರವಾಗಿಲ್ಲ.

ನಿನ್ನ
ಸುಮಾ