ಹಳದಿ ಚೀಟಿ

ವೆಸ್ಟೆರೋಸ್, ಸ್ವೀಡನ್
ಡಿಸೆಂಬರ್ 2022

ಪ್ರಿಯ ಗೆಳೆಯಾ,

ಇನ್ನೂ ಮೂರು ಗಂಟೆಯಾಗಿಲ್ಲ, ಹೊರಗೆ ಕತ್ತಲು ಕವಿದಾಗಿದೆ. ಎದುರು ಮನೆಯ ಕಿಟಕಿಯಲ್ಲಿ ಕ್ರಿಸ್ಮಸ್ ದೀಪ ಹೊತ್ತಿದೆ. ಕರೆಂಟಿನ ಬೆಲೆ ಏರಿರುವುದರಿಂದ ಈ ಸಲ ಅದನ್ನೂ ಬೇಗ ಆರಿಸುತ್ತಾರೆ. ‘ಅಲ್ಲಿ ರಾಜಕೀಯದ ಗದ್ದಲವೇ ಇಲ್ಲವಂತೆ, ಪುಣ್ಯವಂತ’ ಎಂದು ಬರೆದಿದ್ದೆಯಲ್ಲ, ಅದಕ್ಕೆ ಈ ಪತ್ರ.

ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದ ವಾರ ಪಕ್ಕದ ಮನೆಯ ಅಜ್ಜಿ ‘ಬಿಕ್ಕಟ್ಟು ಅಥವಾ ಯುದ್ಧ ಬಂದರೆ’ ಎಂಬ ಕಿರುಪುಸ್ತಕವನ್ನು ಕಪಾಟಿನಿಂದ ಹೊರತೆಗೆದರು. 2018ರಲ್ಲಿ ಸರ್ಕಾರವೇ ಮನೆಮನೆಗೆ ಹಂಚಿದ್ದು. ಅದನ್ನು ನೋಡಿಕೊಂಡು ನೀರಿನ ಕ್ಯಾನು, ಬ್ಯಾಟರಿ ರೇಡಿಯೊ ಹೊಂದಿಸಿಟ್ಟರು. ನನಗೆ ನಗು ಬಂದಿತ್ತು. ಮರುವಾರ ನಾನೂ ಎರಡು ಕ್ಯಾನು ತಂದೆ. ನ್ಯಾಟೊ ಸೇನಾ ಒಕ್ಕೂಟಕ್ಕೆ ಸೇರಲು ಅರ್ಜಿ ಹಾಕಿದರೆ ಈ ಭಾಗದ ಅಸ್ಥಿರತೆ ಹೆಚ್ಚುತ್ತದೆ ಎಂದು ಮಾರ್ಚ್‌ನಲ್ಲಿ ಹೇಳಿದ್ದ ಪ್ರಧಾನಿ ಮಾಗ್ದಲೇನಾ ಆಂಡರ್ಸನ್, ಮೇ ತಿಂಗಳಲ್ಲಿ ಅದರ ಪರ ನಿಂತರು. 18ರಂದು ಫಿನ್ಲೆಂಡಿನ ಜೊತೆ ಅರ್ಜಿ ಹೋಯಿತು. ಇನ್ನೂರು ವರ್ಷಗಳ ಅಲಿಪ್ತತೆ ಮೂರು ತಿಂಗಳೊಳಗೆ ಮುಗಿಯಿತು, ಜನಮತಗಣನೆಯೂ ಇಲ್ಲದೆ.

ಆಮೇಲೆ ಚುನಾವಣೆ. ಇಲ್ಲಿ ನೋಂದಾಯಿಸಿಕೊಂಡು ಮೂರು ವರ್ಷ ಸತತ ವಾಸವಿದ್ದ ವಿದೇಶಿಯರಿಗೂ ಸ್ಥಳೀಯ ಮತದಾನದ ಹಕ್ಕಿದೆ. ನಾನು ಬಂದದ್ದು 2019ರ ವಸಂತದಲ್ಲಾದ್ದರಿಂದ ನನಗೂ ಅಂಚೆಯಲ್ಲಿ ಮತದಾರರ ಕಾರ್ಡು ಬಂತು. ಚೌಕದಲ್ಲಿ ಒಂದೊಂದು ಪಕ್ಷಕ್ಕೂ ಒಂದೊಂದು ಮರದ ಗೂಡಂಗಡಿ. ಕಾಫಿ ಕೊಡುತ್ತಾರೆ, ಬೇಕಾದರೆ ಜಗಳಕ್ಕೂ ಸಿಗುತ್ತಾರೆ. ನನಗೆ ಕಾಫಿ ಕೊಟ್ಟ ಅಭ್ಯರ್ಥಿ ಹಗಲು ಶಾಲಾ ಮೇಷ್ಟ್ರು. ನಗರಸಭೆಗಳ ಬಹುಪಾಲು ಸದಸ್ಯರು ಹೀಗೆ ಬಿಡುವಿನ ವೇಳೆಯ ರಾಜಕಾರಣಿಗಳೇ. ನಮ್ಮೂರಿನ ಕಾರ್ಪೊರೇಟರನ್ನು ನೆನೆದು ಕಾಫಿ ನೆತ್ತಿಗೆ ಹತ್ತಿತು.

ಚುನಾವಣೆಯ ದಿನ ಸೆಪ್ಟೆಂಬರ್ 11. ಆದರೆ ಹದಿನೆಂಟು ದಿನ ಮೊದಲಿನಿಂದಲೇ ಮತ ಹಾಕಬಹುದು. ನಾನು ಹಾಕಿದ್ದು ಗ್ರಂಥಾಲಯದಲ್ಲಿ, ಮಗಳ ಪುಸ್ತಕ ಹಿಂದಿರುಗಿಸಲು ಹೋದಾಗ. ಯಂತ್ರವಿಲ್ಲ, ಬೆರಳಿಗೆ ಮೈಸೂರಿನ ಶಾಯಿಯೂ ಇಲ್ಲ. ಪರದೆಯ ಮರೆಯಲ್ಲಿ ಪಕ್ಷವಾರು ಚೀಟಿಗಳ ಕಟ್ಟು ಇಟ್ಟಿರುತ್ತಾರೆ. ಆಸ್ಪತ್ರೆ ನಡೆಸುವ ಪ್ರಾಂತ್ಯಕ್ಕೆ ನೀಲಿ, ಶಾಲೆ ನಡೆಸುವ ನಗರಸಭೆಗೆ ಬಿಳಿ, ಸಂಸತ್ತಿಗೆ ಹಳದಿ. ಹಳದಿ ನಾಗರಿಕರಿಗೆ ಮಾತ್ರ. ಸಿಬ್ಬಂದಿ ನನ್ನ ಎರಡು ಲಕೋಟೆ ತೆಗೆದುಕೊಂಡು ಮೂರನೆಯದಕ್ಕಾಗಿ ಕೈ ಚಾಚಿದರು. ಇಲ್ಲ ಎಂದೆ. ಆಕೆ ಕೆಂಪಾಗಿ ಕ್ಷಮೆ ಕೇಳಿದರು. ನನಗೇಕೋ ಕೂಲಿ ಕಡಿಮೆ ಸಿಕ್ಕವನಂತೆ ಅನ್ನಿಸಿತು. ಹೊರಡುವಾಗ ಪಕ್ಷದ ಹೆಸರಿಲ್ಲದ ಹಳದಿ ಚೀಟಿಯೊಂದನ್ನು ಜೇಬಿಗಿಳಿಸಿದೆ.

ಎಣಿಕೆಯ ರಾತ್ರಿ ಎಂಟಕ್ಕೆ ಎಡಬಣ ಮುಂದೆ ಎಂದ ಟಿವಿ, ನಾನು ಮಲಗುವ ಹೊತ್ತಿಗೆ ಬಲಬಣ ಎನ್ನುತ್ತಿತ್ತು. ಬುಧವಾರದವರೆಗೂ ಎಳೆದಾಟ. ಕೊನೆಗೆ ಸಂಸತ್ತಿನ 349 ಸ್ಥಾನಗಳಲ್ಲಿ ಬಲಬಣಕ್ಕೆ 176, ಎಡಬಣಕ್ಕೆ 173. ಆಂಡರ್ಸನ್ ಕೈಚೆಲ್ಲಿದರು. ಒಂದು ಕಾಲಕ್ಕೆ ನವನಾಜಿಗಳ ನಂಟಿದ್ದ ಸ್ವೀಡನ್ ಡೆಮಾಕ್ರಟ್ ಪಕ್ಷ ಎರಡನೆಯ ಸ್ಥಾನಕ್ಕೇರಿತು. ಮರುದಿನ ಕಚೇರಿಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಹವೆ, ಮಳೆ, ಅಣಬೆ ಎಂದು ಮಾತಾಡಿದರು. ಐವರಲ್ಲಿ ಒಬ್ಬರು ಆ ಪಕ್ಷಕ್ಕೆ ಮತ ಹಾಕಿದ್ದಾರೆ. ನಮ್ಮ ಮೇಜಿನ ಸುತ್ತ ಹತ್ತು ಜನರಿದ್ದೆವು. ಲೆಕ್ಕ ಹಾಕಬಾರದು ಎಂದುಕೊಂಡೇ ಹಾಕಿದೆ.

ವೆಸ್ಟೆರೋಸ್‌ನ ಹೊರಗೆ ಕೆರೆಯ ದಡದಲ್ಲಿ ಟೀಡೊ ಎಂಬ ಹಳೆಯ ಕೋಟೆಮನೆಯಿದೆ, ಹದಿನೇಳನೆಯ ಶತಮಾನದಲ್ಲಿ ಆಕ್ಸೆಲ್ ಉಕ್ಸೆನ್‌ಶರ್ನ ಎಂಬ ಮಹಾಮಂತ್ರಿ ಕಟ್ಟಿಸಿದ್ದು. ಬಲಬಣದ ನಾಲ್ಕು ಪಕ್ಷಗಳ ಒಪ್ಪಂದಕ್ಕೆ ಅದರದೇ ಹೆಸರು ಬಂತು. ಅಕ್ಟೋಬರ್ 14ರಂದು ಅದು ಪ್ರಕಟವಾಗಿ, ನಾಲ್ಕು ದಿನಕ್ಕೆ ಉಲ್ಫ್ ಕ್ರಿಸ್ಟರ್ಸನ್ ಸರ್ಕಾರ ಅಧಿಕಾರಕ್ಕೆ ಬಂತು. ಪೌರತ್ವಕ್ಕೆ ಈಗಿರುವ ಐದು ವರ್ಷದ ವಾಸವನ್ನು ಎಂಟಕ್ಕೇರಿಸಬೇಕು ಎಂಬುದೂ ಅದರಲ್ಲಿದೆ. ಐದೇ ಉಳಿದರೆ 2026ರ ಚುನಾವಣೆಯಲ್ಲಿ ನನ್ನ ಕೈಗೂ ಹಳದಿ ಚೀಟಿ ಬರಬಹುದು. ಎಂಟಾದರೆ 2030. ಬಂದರೂ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಅಲ್ಲಿನ ಮತ ಹೋಗುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ; ನೀನೂ ಬಾಯಿ ಬಿಡಬೇಡ.

ಜೇಬಿಗಿಳಿಸಿದ ಚೀಟಿ ಫ್ರಿಜ್ಜಿನ ಬಾಗಿಲಿನಲ್ಲಿದೆ. ಅದರ ಹಿಂಬದಿಯಲ್ಲಿ ಮಗಳು ಸ್ವೀಡಿಷ್‌ನಲ್ಲಿ ಹಾಲು, ಮೊಟ್ಟೆ, ಮೇಣದಬತ್ತಿ ಎಂದು ಪಟ್ಟಿ ಬರೆದಿದ್ದಾಳೆ. ಅಂಗಡಿ ಮುಚ್ಚುವ ಮೊದಲು ಹೋಗಬೇಕು.

ನಿನ್ನ ಗೆಳೆಯ