ಉಡಕ್ಕೂ ಒಂದು ಬೋರ್ಡು ಬೇಕು

ಸಂಪಾದಕರಿಗೆ,

ನಮ್ಮ ಕಾಸರಗೋಡು ಜಿಲ್ಲೆ 2023ರಲ್ಲಿ ಬಿಳಿಹೊಟ್ಟೆಯ ಕಡಲ ಹದ್ದನ್ನು ಜಿಲ್ಲಾ ಪಕ್ಷಿ ಎಂದು ಘೋಷಿಸಿತು. ಖುಷಿಯೇ. ಶಿರಿಯಾ ಅಳಿವೆಯ ಹತ್ತಿರ ನಮ್ಮ ತೋಟ. ಸುಮಾರು ಎರಡು ಮೀಟರ್ ಅಗಲದ ರೆಕ್ಕೆ ಬಿಚ್ಚಿ ಅದು ಹೋಗುವಾಗ ತೆಂಗಿನಕಾಯಿ ಕೀಳುವವರೂ ಮರದ ಮೇಲಿಂದ ಕೈ ತೋರಿಸುತ್ತಾರೆ. ಮೊನ್ನೆ ಅದರ ಕಾಲಲ್ಲಿ ಕಡಲ ಹಾವೊಂದು ನೇತಾಡುತ್ತಿತ್ತು.

ಅದೇ ದಿನ ಗೊಬ್ಬರದ ಗುಂಡಿ ಬಳಿ ಉಡ ಬಂತು. ಬಾಲ ಸೇರಿ ನಾಲ್ಕಡಿ ಇರಬಹುದು. ಸೀಳು ನಾಲಗೆ ಚಾಚಿ ಚಾಚಿ, ತರಗೆಲೆ ಕೆದಕಿ ಹುಳ ಹೆಕ್ಕುತ್ತಿತ್ತು. ಅಷ್ಟರಲ್ಲಿ ಹುಡುಗರು ಕಲ್ಲು ಹಿಡಿದು ಓಡಿ ಬಂದರು. ಹದ್ದು ಹಾವು ತಿಂದರೆ ಫೋಟೊ, ಉಡ ಹುಳ ತಿಂದರೆ ಕಲ್ಲು! ಕೋಳಿಮೊಟ್ಟೆ ಕದಿಯುತ್ತದೆ, ಸುಳ್ಳಲ್ಲ. ನನ್ನ ಗೂಡಿಂದಲೇ ಮೂರು ಹೋಗಿವೆ. ಆದರೆ ಇಲಿ, ಸತ್ತ ಪ್ರಾಣಿ ತಿಂದು ತೋಟ ಚೊಕ್ಕ ಮಾಡುವುದೂ ಅದೇ ಅಲ್ವಾ? ಹದ್ದಿನ ಗೂಡು ಎತ್ತರದ ಮರದಲ್ಲಿ, ಕಲ್ಲು ತಲುಪದು. ಉಡ ಮೊಟ್ಟೆ ಇಡುವುದು ಹುತ್ತದಲ್ಲಿ, ನೆಲದ ಗುಂಡಿಯಲ್ಲಿ. ಜೆಸಿಬಿ ಬಂದರೆ ಮುಗಿಯಿತು.

1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಉಡ ಇದೆ, ಕೊಂದರೆ ಜೈಲು. ಜಿಲ್ಲಾ ಪಕ್ಷಿಯ ಬೋರ್ಡು ಹಾಕುವಾಗ ಕೆಳಗೆ ಇದನ್ನೂ ಬರೆಯಲಿ, ಮಲಯಾಳದ ಜತೆ ಕನ್ನಡದಲ್ಲೂ.

– ಒಬ್ಬ ತೆಂಗು ಕೃಷಿಕ, ಕುಂಬಳೆ