ಶುಗರ್ ಟೆಸ್ಟ್‌ಗೆ ಮುನ್ನ ಮದ್ಯ, ಮಾತ್ರೆಯ ವಿಷಯ ಹೇಳಿ

ಮಾನ್ಯರೇ,

ಕೋಲಾರ ಜಿಲ್ಲೆಯ ಲ್ಯಾಬ್‌ಗಳ ಮುಂದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಲ್ಲುವ ಅನೇಕರು ರಾತ್ರಿ ಕುಡಿದದ್ದನ್ನು ಹೇಳುವುದಿಲ್ಲ. ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ಮದ್ಯ ತಡೆಯುತ್ತದೆ. ಊಟ ಬಿಟ್ಟು ಕುಡಿದರೆ ಬೆಳಗಿನ ಶುಗರ್ ಕಡಿಮೆ ಬರಬಹುದು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುವವರಿಗಂತೂ ಇದು ಪ್ರಾಣಾಪಾಯ. ಉಬ್ಬಸ, ಕೀಲುನೋವಿಗೆ ಕೊಡುವ ಪ್ರೆಡ್ನಿಸೋಲೋನ್‌ನದು ಇನ್ನೊಂದು ಮೋಸ: ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದಿಂದ ಸಂಜೆಯವರೆಗೆ ಶುಗರ್ ಏರುತ್ತದೆ, ಖಾಲಿ ಹೊಟ್ಟೆಯ ಟೆಸ್ಟ್ ಮಾತ್ರ ನಾರ್ಮಲ್ ಇರಬಹುದು. ಮಧ್ಯಾಹ್ನದ ಊಟವಾದ 2 ಗಂಟೆಯ ಬಳಿಕ ನೋಡಿದರೆ ಗುಟ್ಟು ಹೊರಬೀಳುತ್ತದೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಕೆಲವು ಗ್ಲುಕೋಮೀಟರ್‌ಗಳಲ್ಲಿ ಸುಳ್ಳು ಏರಿಕೆ ತೋರಿಸುತ್ತದೆ. ಶ್ರೀನಿವಾಸಪುರದ ಮಾವು ಸುಲಿದ ಬೆರಳೂ ಅಷ್ಟೇ. ಸ್ಪಿರಿಟ್ ಹತ್ತಿ ಸಾಲದು, ಸೋಪು ಹಾಕಿ ತೊಳೆದು, ಒಣಗಿಸಿ ಚುಚ್ಚಿ. ಲ್ಯಾಬ್‌ನವರೂ ಚೀಟಿಯಲ್ಲಿ ಮಾತ್ರೆಗಳ ಹೆಸರು ಬರೆದುಕೊಳ್ಳಲಿ. ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

– ಲ್ಯಾಬ್ ಟೆಕ್ನಿಷಿಯನ್, ಶ್ರೀನಿವಾಸಪುರ